ಬೇರೆ ಒಲೆ

ಕೊಟ್ಟಿಗೆಯಲ್ಲಿ ಒಲೆ ಹೂಡುವ ಯೋಚನೆ ಮೊದಲು ಹೊಳೆದದ್ದು ಸುಮನಾಳಿಗೂ ಅಲ್ಲ, ಅವಳ ಗಂಡ ಬಸವೇಶನಿಗೂ ಅಲ್ಲ, ಪಂಚಾಯ್ತಿಯ ಹೇಮಂತನಿಗೆ. ಆದರೆ ಒಲೆಯ ಕಲ್ಲು ಹೊತ್ತು ತಂದು ಇಟ್ಟವಳು ಸುಮನಾ. ಹಾಗಾಗಿ ಮುಂದೆ ಊರಿನವರು ಆಡಿದ ಮಾತೆಲ್ಲ ಬಂದು ಕೂತದ್ದು ಅವಳ ತಲೆಯ ಮೇಲೆಯೇ.

ಹೇಮಂತ ಅವತ್ತು ಭಾನುವಾರದ ತಿಂಡಿಯ ಹೊತ್ತಿಗೆ ಬಂದಿದ್ದ. ತಟ್ಟೆಗೆ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡು ಹೇಳಿದ:

"ಬಸವೇಶಣ್ಣ, ಗ್ರಾಂಟು ಮನೆ ಬಂದವೆ. ವಿಧವೆಯರಿಗೆ ಮೊದಲು. ನಿಮ್ಮವ್ವಾರ ಹೆಸರಲ್ಲಿ ರೋಡಿನ ಪಕ್ಕ ಸೈಟ್ ಐತಲ್ಲ, ಖಾಲಿ ಬಿದ್ದದೆ. ಹಾಕ್ಬಿಡ್ಲಾ?"

"ನಮಗೆ ಕೊಡ್ತಾರೇನೋ? ಇಷ್ಟು ದೊಡ್ಡ ಮನೆ ಇಟ್ಕೊಂಡು?"

"ನಿಮಗಲ್ಲ ಅಣ್ಣ, ಅವ್ವಾರಿಗೆ. ಅವ್ರು ನಿಮ್ಮ ಜೊತೆ ಇಲ್ಲ ಅಂತ ಆಗ್ಬೇಕು. ರೇಷನ್ ಕಾರ್ಡು ಬೇರೆ, ಒಲೆ ಬೇರೆ. ತಾಲ್ಲೂಕಿಂದ ಬಂದೋರು ನೋಡೋದು ಅದನ್ನೇ, ಅಡುಗೆ ಎಲ್ಲಿ ಮಾಡ್ತಾರೆ, ಎಲ್ಲಿ ಮಲಗ್ತಾರೆ ಅಂತ. ನಿಮ್ಮ ಕೊಟ್ಟಿಗೆ ಖಾಲಿ ಐತಲ್ಲ."

ಕೊಟ್ಟಿಗೆ ಖಾಲಿ ಇತ್ತು ನಿಜ. ಹಸುಗಳನ್ನು ಮಾರಿದ ಮೇಲೆ ಅಲ್ಲಿ ಈರುಳ್ಳಿ ಚೀಲ, ಔಷಧಿ ಹೊಡೆಯುವ ಕ್ಯಾನು, ಮುರಿದ ಮಂಚ ಇವಿಷ್ಟೇ ಇದ್ದವು. ಬಸವೇಶ ಹೆಂಡತಿಯ ಮುಖ ನೋಡಿದ. ಅಜ್ಜಂಪುರದಲ್ಲಿ ಅವನು ಬಾಡಿಗೆಗೆ ಹಿಡಿದಿದ್ದ ಬೀಜ ಗೊಬ್ಬರದ ಅಂಗಡಿಯನ್ನು ಯುಗಾದಿಯೊಳಗೆ ಬಿಡಬೇಕೆಂದು ಮಾಲೀಕರು ಹೇಳಿ ಆಗಿತ್ತು. ತರೀಕೆರೆ ರಸ್ತೆಯ ಮೇಲಿನ ಆ ಸೈಟಿನಲ್ಲಿ ಸರ್ಕಾರದ ಖರ್ಚಲ್ಲಿ ಗೋಡೆ ಎದ್ದು ನಿಂತರೆ, ಮುಂದಿನ ಗೋಡೆ ಒಡೆದು ಒಂದು ಶಟರು ಕೂರಿಸಿದರೆ ಆಯಿತು. ಬಾಯಿ ಬಿಟ್ಟು ಹೇಳದಿದ್ದರೂ ಗಂಡ ಹೆಂಡತಿ ಇಬ್ಬರ ಕಣ್ಣಲ್ಲೂ ಆ ಶಟರು ಆಗಲೇ ಎದ್ದು ನಿಂತಿತ್ತು.

ಬಸವೇಶನ ತಾಯಿ ಪ್ರೇಮಮ್ಮ ಹಜಾರದ ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಗಂಡ ದೇವೀರಪ್ಪ ತೀರಿಕೊಂಡ ಮೇಲೆ ಅವರು ಆ ಮೂಲೆ ಬಿಟ್ಟು ಹೆಚ್ಚು ಓಡಾಡಿದವರಲ್ಲ.

"ನನ್ನ ಹೆಸರಿಗೆ ಮನೆನಾ?" ಎಂದರು.

"ಹೆಸರಿಗೆ ಅಷ್ಟೇ ಕಣವ್ವ," ಬಸವೇಶ ಹೇಳಿದ. "ಒಂದು ವಾರ ಕೊಟ್ಟಿಗೇಲಿ ಇದ್ದಂಗೆ ಮಾಡಿದ್ರೆ ಸಾಕು. ಆಫೀಸರ್ ಬಂದು ನೋಡ್ಕೊಂಡು ಹೋಗ್ಲಿ, ಸಂಜೆಗೇ ನಿನ್ನ ಚಾಪೆ ಒಳಗೆ ತರ್ತೀನಿ."

"ಹಂಗೇ ಮಾಡಪ್ಪ," ಎಂದು ಪ್ರೇಮಮ್ಮ ಬೆಳ್ಳುಳ್ಳಿ ಸಿಪ್ಪೆಯನ್ನು ಊದಿದರು. ಅವರು ಇಷ್ಟು ಬೇಗ ಒಪ್ಪಿದ್ದು ಸುಮನಾಳಿಗೆ ಸಮಾಧಾನವೇ ಆಯಿತು. ಯಾಕೆ ಒಪ್ಪಿದರೆಂದು ಅವಳು ಆಗ ಕೇಳಿಕೊಳ್ಳಲಿಲ್ಲ.

ಮಾರನೇ ದಿನ ಅವಳೇ ಕೊಟ್ಟಿಗೆ ಗುಡಿಸಿದಳು. ತೀರ ಚೊಕ್ಕಟ ಮಾಡಬಾರದು ಎಂದು ಹೇಮಂತ ಹೇಳಿದ್ದರಿಂದ ಒಂದು ಮೂಲೆಯ ಜೇಡರ ಬಲೆ ಹಾಗೇ ಬಿಟ್ಟಳು. ಮೂರು ಕಲ್ಲು ಇಟ್ಟು, ಮಣ್ಣು ಮೆತ್ತಿ, ಒಲೆ ಮಾಡಿದಳು. ಒಳಗಿನ ಒಳ್ಳೆ ಚಾಪೆ ಎತ್ತಿಕೊಂಡು ಬಂದವಳು ಬಾಗಿಲಲ್ಲೇ ನಿಂತು ಯೋಚಿಸಿ, ವಾಪಸ್ ಹೋಗಿ, ಅಂಚು ಹರಿದ ಚಾಪೆ ತಂದು ಹಾಸಿದಳು. ಟ್ರಂಕಿನ ತಳದಿಂದ ಬಣ್ಣ ಹೋದ ಒಂದು ಹಸಿರು ಸೀರೆ ತೆಗೆದಳು.

"ಇದ್ಯಾಕೆ ಕಣೇ, ಇದನ್ನ ಕಳೆದ ವರ್ಷವೇ ಒರೆಸೋ ಬಟ್ಟೆಗೆ ಅಂತ ತೆಗೆದಿಟ್ಟಿದ್ಯಲ್ಲ?" ಎಂದರು ಪ್ರೇಮಮ್ಮ.

"ಫೋಟೋಗೆ ಅತ್ತೆ. ಚೆನ್ನಾಗಿರೋದು ಉಟ್ಕೊಂಡ್ರೆ ನಂಬಲ್ವಂತೆ."

ಪ್ರೇಮಮ್ಮ ಸೀರೆ ಉಟ್ಟು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತರು. ಹೇಮಂತ ಮೊಬೈಲು ಎತ್ತಿ, "ಅವ್ವಾರೆ, ಸ್ವಲ್ಪ ಸಪ್ಪಗಿರಿ," ಎಂದ. ಮೊಮ್ಮಗಳು ಮಾನಸ ಕಿಸಕ್ಕನೆ ನಕ್ಕಳು. ಅವಳು ಅಜ್ಜಂಪುರದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು.

"ಅಜ್ಜಿ, ನೀನು ಸೀರಿಯಲ್ಲಿಗೆ ಹೋಗ್ಬೋದು ಕಣೇ."

"ಹೋಗ್ತೀನಿ ಬಿಡು. ಅಲ್ಲಾದ್ರೂ ನಾಕು ಮಾತಾಡಕ್ಕೆ ಕೊಡ್ತಾರೆ," ಎಂದರು ಅಜ್ಜಿ. ಎಲ್ಲರೂ ನಕ್ಕರು. ಸುಮನಾಳೂ ನಕ್ಕಳು.

ತಾಲ್ಲೂಕಿನವರು ಹೇಳಿದ ದಿನ ಬರಲಿಲ್ಲ. ಆ ವಾರವೂ ಬರಲಿಲ್ಲ. ಯಾವಾಗ ಬೇಕಾದರೂ ಬರಬಹುದು, ಹೇಳದೆಯೇ ಬರುತ್ತಾರೆ, ಒಲೆಯಲ್ಲಿ ಬೂದಿ ಬಿಸಿಯಿಲ್ಲದಿದ್ದರೆ ಬರೆದುಕೊಂಡು ಹೋಗುತ್ತಾರೆ ಎಂದು ಹೇಮಂತ ಫೋನು ಮಾಡಿ ಮಾಡಿ ಹೆದರಿಸಿದ. ಹಾಗಾಗಿ ಪ್ರೇಮಮ್ಮ ದಿನಾ ಎರಡು ಹೊತ್ತು ಅಲ್ಲಿ ಒಲೆ ಹಚ್ಚಬೇಕಾಯಿತು. ಮೊದಲೆರಡು ದಿನ ಬರೀ ನೀರು ಕಾಯಿಸಿದರು. ಮೂರನೇ ದಿನ, "ಉರಿ ಸುಮ್ನೆ ಹಾಳಾಗ್ತದೆ, ಒಂದು ಪಾವು ಹುರುಳಿಕಾಳು ಕೊಡು," ಎಂದರು.

ಪ್ರೇಮಮ್ಮ ಒಲೆ ಮುಟ್ಟಿ ಮೂರು ವರ್ಷವಾಗಿತ್ತು. ಒಮ್ಮೆ ಹಾಲಿಟ್ಟು ಮರೆತು, ಉಕ್ಕಿ, ಗ್ಯಾಸು ಆರಿ, ಮನೆ ತುಂಬ ವಾಸನೆ ಹರಡಿತ್ತು. ಅವತ್ತು ಸುಮನಾ ಕಿಟಕಿ ತೆಗೆಯುತ್ತ, "ಇನ್ಮೇಲೆ ನೀವು ಒಲೆ ಹತ್ರ ಬರ್ಲೇಬೇಡಿ ಅತ್ತೆ, ಕೂತ ಕಡೆ ತಂದು ಕೊಡ್ತೀನಿ," ಅಂದಿದ್ದಳು. ಹೆದರಿಕೆಯಿಂದ ಹೇಳಿದ ಮಾತು. ಹೆದರಿಕೆ ಹೋದ ಮೇಲೂ ಮಾತು ಹಾಗೇ ಉಳಿಯಿತು. ಅಡುಗೆಮನೆ ತನ್ನೊಬ್ಬಳದೇ ಆದದ್ದು ಸುಮನಾಳಿಗೆ ಒಗ್ಗಿಹೋಗಿತ್ತು. ಎಷ್ಟು ಖಾರ, ಎಷ್ಟು ಉಪ್ಪು ಎಂದು ಹೇಳುವವರಿಲ್ಲ. ಅತ್ತೆಯ ಪೂಜೆಯ ಮಣೆಯಿದ್ದ ಜಾಗಕ್ಕೆ ಫ್ರಿಡ್ಜ್ ಬಂತು. ಮಣೆ ಹಜಾರದ ಮೂಲೆಗೆ ಹೋಯಿತು. ಯಾರೂ ಜಗಳ ಆಡಲಿಲ್ಲ. ಜಗಳವೇ ಇಲ್ಲದ ಮನೆ ಎಂದು ಸುಮನಾ ತವರಲ್ಲಿ ಹೇಳಿಕೊಳ್ಳುತ್ತಿದ್ದಳು.

ಹುರುಳಿ ಸಾರಿನ ವಾಸನೆಗೆ ಮಾನಸ ತಟ್ಟೆ ಹಿಡಿದು ಕೊಟ್ಟಿಗೆಗೆ ಹೋದಳು.

"ಎಲ್ಲಿಗೇ? ಇಲ್ಲಿ ಬಡಿಸಿದ್ದೀನಿ," ಸುಮನಾ ಕೂಗಿದಳು.

"ಅಜ್ಜಿ ಮುದ್ದೆ ಮಾಡೈತಮ್ಮಾ!"

"ನಾನು ಮಾಡಿದ ಚಪಾತಿ ಯಾರಿಗೆ?"

"ಅಪ್ಪಂಗೆ ಹಾಕು!"

ಬಸವೇಶ ಚಪಾತಿ ಮುರಿಯುತ್ತ, "ಹೋಗ್ಲಿ ಬಿಡೇ, ನಾಕು ದಿನ," ಎಂದ. ಆದರೆ ಅವನ ಮೂಗೂ ಕೊಟ್ಟಿಗೆಯ ಕಡೆಗೇ ಇತ್ತು.

ಊರು ಸುಮ್ಮನಿರುತ್ತದೆಯೇ? ಬಾವಿ ಕಟ್ಟೆ, ಹಾಲಿನ ಡೈರಿ, ಬಸ್ ನಿಲ್ದಾಣ, ಎಲ್ಲ ಕಡೆ ಒಂದೇ ಮಾತು. ದೇವೀರಪ್ಪನ ಹೆಂಡತಿಯನ್ನು ಸೊಸೆ ಕೊಟ್ಟಿಗೆಗೆ ಹಾಕಿದ್ದಾಳೆ. ನಿಜ ಏನೆಂದು ಹೇಳುವ ಹಾಗಿಲ್ಲ. ಹೇಳಿದರೆ ಮನೆ ಹೋಗುತ್ತದೆ. ಸುಳ್ಳನ್ನು ಒಪ್ಪಿಕೊಂಡರೆ ಮಾನ ಹೋಗುತ್ತದೆ. ಸುಮನಾ ಹಾಲು ತರಲು ಹೋದಾಗ, ಡೈರಿಗೆ ಹಾಲು ಹಾಕುವ ಯಲ್ಲಮ್ಮ ನೇರವಾಗಿಯೇ ಕೇಳಿದಳು:

"ಏನ್ ಸುಮನಾ, ಅತ್ತೆ ಜೊತೆ ಏನಾಯ್ತೇ? ಅಷ್ಟು ಮೆತ್ತಗಿನ ಹೆಂಗಸು."

"ಏನೂ ಆಗಿಲ್ಲ. ಅವ್ರಿಗೇ ಸೌದೆ ಒಲೆ ಅಡುಗೆ ಬೇಕಂತೆ."

"ಹ್ಞೂಂ, ಬೇಕಾಗ್ತದೆ, ಬೇಕಾಗ್ತದೆ," ಎಂದು ಯಲ್ಲಮ್ಮ ಕ್ಯಾನಿನ ಮುಚ್ಚಳ ಹಾಕಿದಳು. ಆ ಎರಡನೇ 'ಬೇಕಾಗ್ತದೆ'ಯಲ್ಲಿ ಇಡೀ ಊರು ಇತ್ತು.

ಸೋಮವಾರದ ಭಿಕ್ಷೆಗೆ ಬರುವ ಮಠದ ಅಯ್ಯನವರು ಎಂದಿನಂತೆ ಅಂಗಳಕ್ಕೆ ಬಂದರು. ಸುಮನಾ ಮೊರದಲ್ಲಿ ಅಕ್ಕಿ, ಬೇಳೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಯ್ಯನವರು ಕೊಟ್ಟಿಗೆಯಿಂದ ಏಳುತ್ತಿದ್ದ ಹೊಗೆ ನೋಡಿ ಒಂದು ಗಳಿಗೆ ನಿಂತರು.

"ಮನೇಲಿ ಎರಡು ಒಲೆ ಆಯ್ತೇನಮ್ಮ?"

ಸುಮನಾ ಮೊರದ ಅಕ್ಕಿಯನ್ನು ಬೆರಳಲ್ಲಿ ಹರಡಿದಳು. ಹಿರಿಯರ ಒಲೆ ಮೊದಲು ಎಂದು ಅಯ್ಯನವರು ಕೊಟ್ಟಿಗೆಯ ಕಡೆಗೇ ನಡೆದರು. ಪ್ರೇಮಮ್ಮ ಸೆರಗು ಹೊದ್ದು, ಅವರ ಪಾದ ಮುಟ್ಟಿ, ಜೋಳಿಗೆಗೆ ಒಂದು ಹಿಡಿ ರಾಗಿ ಹಾಕಿದರು. ಆಮೇಲೆ ಅಯ್ಯನವರು ಸುಮನಾಳ ಮೊರಕ್ಕೂ ಬಂದರು. ಆದರೆ ಆ ಮೊರ ಅಷ್ಟು ಹೊತ್ತು ಹಿಡಿದು ನಿಂತದ್ದರಿಂದ ಅವಳ ಕೈ ಸೋತಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಹುಲಿಯಮ್ಮ ಬಂದ ದಿನ. ಹುಲಿಯಮ್ಮ ಸುಮನಾಳ ಹೊಲಕ್ಕೆ ಈರುಳ್ಳಿ ಕೀಳಲು, ಕೊಯ್ಯಲು ಬರುವವಳು. ಗಂಡ ಇಲ್ಲ, ಮಕ್ಕಳಿಲ್ಲ. ಕೆರೆ ಕಾಲುವೆಯ ಪಕ್ಕ ನೀಲಿ ಟಾರ್ಪಾಲು ಹೊದಿಸಿದ ಗುಡಿಸಲಲ್ಲಿ ಇದ್ದಳು. ಗ್ರಾಮಸಭೆಯಲ್ಲಿ ಹೆಸರುಗಳನ್ನು ಓದಿದಾಗ ಪ್ರೇಮಮ್ಮನ ಹೆಸರು ಬಂದಿತ್ತು, ಅವಳದು ಬಂದಿರಲಿಲ್ಲ. "ಮುಂದಿನ ಸಲ ನಿಂದೇ ಕಣಮ್ಮ," ಎಂದು ಹೇಮಂತ ಅವಳನ್ನು ಸಮಾಧಾನ ಮಾಡಿ ಕಳಿಸಿದ್ದ. ಅದನ್ನು ಅವನು ಹಿಂದಿನ ಸಲವೂ ಹೇಳಿದ್ದ.

ಅವತ್ತು ಹುಲಿಯಮ್ಮ ಮಡಿಲಲ್ಲಿ ಸೊಪ್ಪು ಕಟ್ಟಿಕೊಂಡು ನೇರ ಕೊಟ್ಟಿಗೆಗೆ ಬಂದಳು. ಸುಮನಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಇಬ್ಬರ ಮಾತೂ ಅವಳ ಕಿವಿಗೆ ಬೀಳುತ್ತಿತ್ತು.

"ಅಣ್ಣೆಸೊಪ್ಪು ತಂದಿವ್ನಿ ಅವ್ವಾರೆ. ಈ ತೆಂಗಿನ ಮಟ್ಟೆನೂ ತಗಳಿ, ಒಣಗವೆ. ಚೆನ್ನಾಗಿ ಉರೀತವೆ."

"ಅಯ್ಯೋ, ನಿನಗೆ ಬ್ಯಾಡ್ವೇನೇ?"

"ನನಗೇನ್ ಬುಡಿ, ಒಬ್ಳು. ನಿಮ್ಮಂತೋರ್ಗೂ ಇಂಗಾಗ್ಬೇಕಾ? ದೇವ್ರಂತ ಮನ್ಸ, ದೇವೀರಪ್ಪಾರು. ಅವ್ರಿದ್ದಿದ್ರೆ ಯಾರಾದ್ರೂ ನಿಮ್ಮುನ್ನ ಇಲ್ಲಿ ಕೂರುಸ್ತಿದ್ರಾ?" ಅವಳು ಮತ್ತೆ ಅಂದಳು: "ನಿಮಗೆ ಮನೆ ಬಂತಲ್ಲ, ನನಗೆ ಅದೇ ಖುಸಿ. ನಂದು ಮುಂದಿನ್ ಸಲ ಆಯ್ತದೆ."

ಪ್ರೇಮಮ್ಮ ಏನು ಹೇಳಿದರೋ ಸುಮನಾಳಿಗೆ ಕೇಳಿಸಲಿಲ್ಲ. ಅವಳು ಬಟ್ಟೆಯನ್ನು ಕಲ್ಲಿಗೆ ಜೋರಾಗಿ ಒಗೆಯತೊಡಗಿದ್ದಳು. ಹುಲಿಯಮ್ಮ ಹೋಗುವಾಗ ಇವಳ ಕಡೆ ತಿರುಗಿಯೂ ನೋಡಲಿಲ್ಲ. ಪ್ರತಿ ಸಲ ಬಂದಾಗ "ಅಕ್ಕಾ" ಎಂದು ಮಾತಾಡಿಸದೆ ಹೋದವಳಲ್ಲ.

ಕೊನೆಗೆ ತಾಲ್ಲೂಕಿನಿಂದ ಒಬ್ಬ ಆಫೀಸರಮ್ಮ ಬಂದರು. ಇನ್ನೂ ಚಿಕ್ಕ ವಯಸ್ಸು, ಸ್ಕೂಟಿಯಲ್ಲಿ ಬಂದವರು, ಬಿಸಿಲಿಗೆ ಮುಖ ಕೆಂಪಾಗಿತ್ತು. ಬಸವೇಶ ಕುರ್ಚಿ ತಂದ, ಎಳನೀರು ತಂದ. ಅವರು ಎರಡೂ ಬೇಡವೆಂದು ಕೊಟ್ಟಿಗೆಯ ಹೊಸ್ತಿಲ ಮೇಲೇ ಕೂತರು. ಸುಮನಾ ಅಡುಗೆಮನೆಯ ಕಿಟಕಿಯ ಹಿಂದೆ ನಿಂತಳು. ಏನು ಹೇಳಬೇಕೆಂದು ತಾಯಿಗೆ ಬಸವೇಶ ಮೊದಲೇ ಪಾಠ ಮಾಡಿದ್ದ: ಒಂದು ವರ್ಷದಿಂದ ಬೇರೆ ಇದ್ದೀನಿ, ಬೇರೆ ಬೇಯಿಸ್ಕೋತೀನಿ, ಅಷ್ಟೇ.

"ಎಷ್ಟು ದಿನದಿಂದ ಇಲ್ಲಿದ್ದೀರ ಅಜ್ಜಿ?"

"ಮೂರು ವರ್ಷ ಆಯ್ತು ತಾಯಿ."

ಬಸವೇಶ ಮೆಚ್ಚಿಕೊಂಡು ತಲೆ ಆಡಿಸಿದ. ಒಂದು ವರ್ಷ ಎಂದು ಅವನು ಹೇಳಿಕೊಟ್ಟಿದ್ದ. ಮೂರು ಎಂದರೆ ಇನ್ನೂ ಗಟ್ಟಿ.

"ಮಗ, ಸೊಸೆ ನೋಡ್ಕೊಳ್ಳಲ್ವಾ?"

"ಬಯ್ಯಲ್ಲ ತಾಯಿ. ಹೊಡೆಯಲ್ಲ. ಹೊಟ್ಟೆಗೆ ಹಾಕ್ತಾರೆ." ಪ್ರೇಮಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಒಲೆ ಮುಟ್ಬೇಡ ಅಂದ್ರು, ಮುಟ್ಲಿಲ್ಲ. ತಟ್ಟೆ ತಂದು ಮುಂದೆ ಇಟ್ಟು ಹೋಗ್ತಾರೆ. ಏನು ಬೇಕು ಅಂತ ಕೇಳಿದ್ದಿಲ್ಲ. ಪೂಜೆಗೆ ಕೂತಿರ್ತೀನಿ, ನನ್ನ ದಾಟ್ಕೊಂಡು ಓಡಾಡ್ತಾರೆ. ನಾನು ಏನಾದ್ರೂ ಮಾತಾಡಿದ್ರೆ ಟೀವಿ ಸೌಂಡ್ ಜಾಸ್ತಿ ಮಾಡ್ತಾರೆ. ಮೊದಮೊದಲು ಮಾತಾಡ್ತಿದ್ದೆ. ಈಗಿಲ್ಲ."

ಆಫೀಸರಮ್ಮ ಬರೆಯುವುದನ್ನು ನಿಲ್ಲಿಸಿ ಅವರ ಮುಖವನ್ನೇ ನೋಡಿದರು. ಆಮೇಲೆ ಬಸವೇಶನನ್ನು ನೋಡಿದರು. "ನಿಮಗೆ ನಾಚಿಕೆ ಆಗಲ್ವೇನ್ರಿ?" ಎಂದರು. ಬಸವೇಶ ಮೊದಲೇ ಕಲಿತಿಟ್ಟುಕೊಂಡವನಂತೆ ತಲೆ ತಗ್ಗಿಸಿದ.

ಸ್ಕೂಟಿ ತಿರುವು ದಾಟಿದ್ದೇ ತಡ, ಅವನು ಚಪ್ಪಾಳೆ ಹೊಡೆದ. "ಅವ್ವ, ಏನ್ ಆಕ್ಟಿಂಗ್ ಕಣವ್ವ! ಟೀವಿ ಸೌಂಡು! ಅದೆಲ್ಲಿಂದ ಹೊಳೀತು ನಿಂಗೆ? ಆಯಮ್ಮ ಕಣ್ಣಲ್ಲಿ ನೀರು ಹಾಕ್ಕೊಂಡ್ಬಿಟ್ಲು!"

ಪ್ರೇಮಮ್ಮ ಒಲೆಗೆ ಕರಟ ಹಾಕಿದರು.

ಕಿಟಕಿಯ ಹಿಂದೆ ಸುಮನಾ ಸರಳು ಹಿಡಿದು ನಿಂತೇ ಇದ್ದಳು. ರಿಮೋಟು ಒತ್ತುತ್ತಿದ್ದದ್ದು ಅವಳ ಕೈ. ಸಂಜೆಯ ಸೀರಿಯಲ್ ಹೊತ್ತಿಗೆ ಅತ್ತೆ ಹೊಲದ್ದೋ, ಯಾರದೋ ಮದುವೆಯದ್ದೋ ಮಾತು ತೆಗೆದರೆ ಬೆರಳು ತಾನಾಗಿಯೇ ಹೋಗುತ್ತಿತ್ತು. ಅತ್ತೆಗೆ ಅದು ಗೊತ್ತಾಗುತ್ತದೆ ಎಂದು ಅವಳು ಒಂದು ದಿನವೂ ಅಂದುಕೊಂಡಿರಲಿಲ್ಲ.

ಆ ಸಂಜೆ ಅವಳು ಟೀವಿ ಹಾಕಲಿಲ್ಲ. ಕೊಟ್ಟಿಗೆಗೆ ಹೋಗಿ, "ಆಯ್ತಲ್ಲ ಅತ್ತೆ, ಇನ್ನು ಒಳಗೆ ಬನ್ನಿ," ಎಂದಳು.

"ಇರ್ಲಿ ಕಣೇ. ಮತ್ತೆ ಬಂದ್ರೆ?"

"ಬರಲ್ಲ ಅತ್ತೆ. ಇನ್ನೇನಿದ್ರೂ ಕಟ್ಟೋ ಜಾಗದ ಫೋಟೋ ಅಷ್ಟೇ."

"ಇರ್ಲಿ. ಅವರೆಕಾಳು ನೆನೆಸಿದ್ದೀನಿ."

ಅವರೆಕಾಳು ಮುಗಿಯಿತು, ಪ್ರೇಮಮ್ಮ ಒಳಗೆ ಬರಲಿಲ್ಲ. ಅಷ್ಟರಲ್ಲಿ ಕಟ್ಟಡ ಶುರುವಾಯಿತು. ಪಾಯ ಆದಾಗ ಒಂದು, ಲಿಂಟಲ್ ಆದಾಗ ಒಂದು, ಆರ್‌ಸಿಸಿ ಬಿದ್ದಾಗ ಒಂದು, ಹೀಗೆ ಪ್ರತಿ ಹಂತಕ್ಕೂ ಮನೆಯ ಯಜಮಾನಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು; ಇಲ್ಲದಿದ್ದರೆ ಮುಂದಿನ ಕಂತು ಬರುವುದಿಲ್ಲ. ಬಸವೇಶ ಪ್ರತಿ ಸಲವೂ ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಕರೆತರುತ್ತಿದ್ದ. ಆಮೇಲೆ ಪ್ರೇಮಮ್ಮ ಅವನನ್ನು ಕಾಯುವುದನ್ನು ಬಿಟ್ಟರು. ಬೆಳಿಗ್ಗೆ ತಾವೇ ನಡೆದು ಹೋಗಿ ಪೈಪು ಹಿಡಿದು ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದರು, ಸಂಜೆ ಇನ್ನೊಂದು ಸಲ.

"ಗಾರೆಯೋರು ಹೊಡೀತಾರೆ ಬಿಡವ್ವ," ಬಸವೇಶ ರೇಗಿದ.

"ಅವ್ರು ಮೇಲಷ್ಟೇ ಹೊಡೀತಾರೆ ಕಣೋ. ಬುಡ ಒಣಗಿರ್ತದೆ."

ಒಂದು ದಿನ ಅವನು ಕೂಗಾಡುತ್ತ ಬಂದ. "ಲೇ ಸುಮನಾ, ಅವ್ವ ಏನ್ ಮಾಡೈತೆ ಗೊತ್ತಾ? ನಾನು ಮುಂದಿನ ಗೋಡೆ ತೆಳ್ಳಗೆ ಎಬ್ಬಿಸ್ರಪ್ಪಾ, ಒಡೆಯೋದು ಅಂದಿದ್ದೆ. ಗಾರೆಯೋನ ಹತ್ರ ಹೇಳಿ ದಪ್ಪ ಮಾಡ್ಸೈತೆ. ಒಳಗೆ ಪೂಜೆಗೆ ಗೂಡು ಬೇರೆ! ಗೊಬ್ಬರದ ಅಂಗಡೀಲಿ ಪೂಜೆ ಗೂಡು ಯಾವನಿಗೆ ಬೇಕು?"

"ನೀವು ಅತ್ತೆಗೆ ಅಂಗಡಿ ಅಂತ ಹೇಳಿದ್ದೀರಾ?"

"ಹೇಳೋದೇನು, ಗೊತ್ತಿಲ್ವಾ?"

"ಹೇಳಿದ್ದೀರಾ ಅಂದೆ."

ಬಸವೇಶ ತಲೆ ಕೆರೆದುಕೊಂಡ. ಅವರಿಬ್ಬರಲ್ಲಿ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

ಆ ತಿಂಗಳುಗಳಲ್ಲಿ ಮನೆಯ ಊಟ ಸೊರಗಿತು. ಮಾನಸ ಕಾಲೇಜಿನಿಂದ ಬಂದವಳು ಕೊಟ್ಟಿಗೆಯಲ್ಲೇ ಉಂಡು, ಅಲ್ಲೇ ಪುಸ್ತಕ ಹರಡಿಕೊಳ್ಳುತ್ತಿದ್ದಳು. ಸುಮನಾ ಅತ್ತೆಗೆ ಇಷ್ಟವೆಂದು ನೆನಪು ಮಾಡಿಕೊಂಡು ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿ ತೆಗೆದುಕೊಂಡು ಹೋದಳು.

"ಚೆನ್ನಾಗೈತೆ," ಎಂದರು ಪ್ರೇಮಮ್ಮ, ಒಂದು ತುತ್ತು ತಿಂದು. "ಬದನೆಕಾಯಿ ನಿಮ್ಮ ಮಾವನಿಗೆ ಇಷ್ಟ. ನನಗೆ ತಿಂದ್ರೆ ಮೈ ಕೆರೆತ. ಇರ್ಲಿ, ಮಾನಸ ತಿಂತಾಳೆ."

ಹದಿನೆಂಟು ವರ್ಷ ಒಂದೇ ಮನೆಯಲ್ಲಿ ಉಂಡಿದ್ದರು. ಸುಮನಾ ಖಾಲಿ ಪಾತ್ರೆ ಹಿಡಿದುಕೊಂಡು ಅಂಗಳ ದಾಟಿ ಬಂದಳು.

"ಅಮ್ಮಾ, ಅಜ್ಜಿ ವಾಪಸ್ ಬರ್ದೇ ಇದ್ರೆ ಏನ್ ಮಾಡ್ತೀಯಾ?" ಮಾನಸ ಕೇಳಿದಳು.

"ಯಾಕ್ ಬರಲ್ಲ? ಬರ್ತಾರೆ. ಮನೆ ಕೆಲ್ಸ ಮುಗೀಲಿ. ಜನ ಏನೋ ಅಂತಾರೆ ಅಂತ ನಾವು ಅವ್ರನ್ನ ಆಚೆ ಹಾಕಿದ್ದೀವಾ?"

"ನಾನು ಕೇಳಿದ್ದು ಅದಲ್ಲಮ್ಮ."

"ನಾವು ಹಾಕಿಲ್ಲ. ಯಾರಾದ್ರೂ ಕೇಳಿದ್ರೆ ಹಂಗೇ ಹೇಳು."

ಮನೆ ಮುಗಿಯಿತು. ಕೊನೆಯ ಫೋಟೋಕ್ಕೆ ಮುಂಚೆ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಯೋಜನೆಯ ಹೆಸರು, ಅದರ ಕೆಳಗೆ 'ಶ್ರೀಮತಿ ಪ್ರೇಮಮ್ಮ ಕೋಂ ಲೇಟ್ ದೇವೀರಪ್ಪ' ಎಂದು ಬರೆಸಲಾಯಿತು. ಪ್ರೇಮಮ್ಮ ಆ ದಿನ ಹಸಿರು ಸೀರೆ ಉಡಲಿಲ್ಲ. ಮದುವೆಗೆ ಹೋಗುವಾಗ ಉಡುವ ಜರತಾರಿ ಸೀರೆ ಉಟ್ಟು ನಿಂತರು. ಹೇಮಂತ ಈ ಸಲ ಸಪ್ಪಗಿರಿ ಎನ್ನದೆ ಫೋಟೋ ತೆಗೆದ.

ಬಸವೇಶ ತರೀಕೆರೆಯಲ್ಲಿ ಶಟರಿಗೆ ಹೇಳಿಬಿಟ್ಟ. ಶುಕ್ರವಾರ ಬೆಳಿಗ್ಗೆ ಅವನು ಗೊಬ್ಬರದ ಲೋಡಿಗೆಂದು ಕಡೂರಿಗೆ ಹೋದಾಗ, ಕೊಟ್ಟಿಗೆಯಲ್ಲಿ ಹೊಗೆ ಇರಲಿಲ್ಲ. ಸುಮನಾ ಹೋಗಿ ನೋಡಿದಳು. ಚಾಪೆ ಇಲ್ಲ, ಪೂಜೆಯ ಮಣೆ ಇಲ್ಲ, ಪಾತ್ರೆಗಳಿಲ್ಲ. ಒಲೆಯ ಕಲ್ಲುಗಳು ಮಾತ್ರ ಬಿದ್ದಿದ್ದವು.

ಅವಳು ರಸ್ತೆಗೆ ಓಡಿದಳು. ಹೊಸ ಮನೆಯ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿತ್ತು. ಹಾಲು ಉಕ್ಕಿಸಿ ಆಗಿತ್ತು. ಒಲೆಯ ಸುತ್ತ ಬಿಳಿ ಕಲೆ. ಜಗಲಿಯ ಮೇಲೆ ಹುಲಿಯಮ್ಮ ಕೂತು ಲೋಟದಲ್ಲಿ ಹಾಲು ಕುಡಿಯುತ್ತಿದ್ದಳು. ಸಾಮಾನು ಹೊತ್ತು ತಂದವಳು ಅವಳೇ ಇರಬೇಕು.

"ಬಾ, ಹಾಲು ಕುಡಿ," ಎಂದರು ಪ್ರೇಮಮ್ಮ ಒಳಗಿನಿಂದ, ನೆಂಟರನ್ನು ಕರೆಯುವ ಹಾಗೆ.

ಸುಮನಾ ಹೊಸ್ತಿಲು ದಾಟುವ ಮೊದಲೇ ಟಾಟಾ ಏಸ್ ಗಾಡಿ ಬಂದು ನಿಂತಿತು. ಹಿಂದೆ ಸುರುಳಿ ಸುತ್ತಿದ ಕಬ್ಬಿಣದ ಶಟರು. ಗಾಡಿಯವನು ಇಳಿದು ಮನೆಯನ್ನು ಕಣ್ಣಲ್ಲೇ ಅಳೆದ.

"ಇದೇ ಅಲ್ವಾ ಬಸವೇಶಪ್ಪಾರ ಅಂಗಡಿ? ಈ ಗೋಡೆ ಒಡೆದು ಇಡ್ಬೇಕು ಅಂದಿದ್ರು. ಯಾಕೆ ಇನ್ನೂ ಒಡೆದಿಲ್ಲ?"

ಹುಲಿಯಮ್ಮ ಲೋಟ ಕೆಳಗಿಟ್ಟಳು. ಶಟರನ್ನು ನೋಡಿದಳು. ಗೋಡೆಯ ಮೇಲಿನ ನೀಲಿ ಅಕ್ಷರ ನೋಡಿದಳು, ಓದಲು ಬಾರದಿದ್ದರೂ. ಕೊನೆಗೆ ಸುಮನಾಳನ್ನು ನೋಡಿದಳು.

"ಅಂಗ್ಡಿಗಾ ಅಕ್ಕಾ?"

ಹುಲಿಯಮ್ಮ ಎದ್ದು, ಲೋಟವನ್ನು ನಲ್ಲಿಯಲ್ಲಿ ತೊಳೆದು, ಜಗಲಿಯ ಮೇಲೆ ಬೋರಲು ಹಾಕಿ, ಕಾಲುವೆಯ ದಾರಿ ಹಿಡಿದಳು.

ಪ್ರೇಮಮ್ಮ ಬಾಗಿಲಿಗೆ ಬಂದು ನಿಂತು ಅವಳು ಹೋಗುವುದನ್ನು ನೋಡಿದರು. "ಅವಳ ಮುಖ ನೋಡ್ದಾ?" ಎಂದರು ಮೆಲ್ಲಗೆ. "ನಾನೂ ಸಾಚಾ ಅಲ್ಲ ಕಣೇ. ಮನೆ ಇಲ್ದೋಳು ಅಂತ ರುಜು ಹಾಕಿದ್ದು ನಾನೇ. ಅವಳು ತಂದ ಸೊಪ್ಪು ತಿಂದಿದ್ದೂ ನಾನೇ. ಬಾಯಿ ಬಿಡ್ಲಿಲ್ಲ."

"ಮನೆಗೆ ಹೋಗೋಣ ಬನ್ನಿ ಅತ್ತೆ." ಸುಮನಾಳ ದನಿ ಒಡೆದಿತ್ತು. "ಅಡುಗೆಮನೆ ನೀವೇ ಇಟ್ಕೊಳ್ಳಿ. ಫ್ರಿಡ್ಜ್ ತೆಗೆಸ್ತೀನಿ. ಊರಲ್ಲಿ ನಾನು ತಲೆ ಎತ್ಕೊಂಡು ಓಡಾಡಕ್ಕೆ ಆಗ್ತಿಲ್ಲ."

"ನಿನ್ನ ತಲೆ ಎತ್ತಕ್ಕೆ ನಾನು ಬರ್ಬೇಕಾ?"

"ಹಂಗಲ್ಲ ಅತ್ತೆ—"

"ಒಂದು ಕೆಲ್ಸ ಮಾಡು." ಪ್ರೇಮಮ್ಮನ ಮಾತಿನಲ್ಲಿ ಸಿಟ್ಟು ಇರಲಿಲ್ಲ. "ಆವತ್ತು ಆಫೀಸರಮ್ಮನ ಮುಂದೆ ನಾನು ಹೇಳಿದ್ದು ಸುಳ್ಳು ಅಂತ ಒಂದ್ಸಲ ಹೇಳು. ಬಸವೇಶ ಅಂದ್ಕೊಂಡಂಗೆ, ಆಕ್ಟಿಂಗ್ ಅಂತ. ಹೇಳು, ಈ ಚಾಪೆ ಸುತ್ಕೊಂಡು ಈಗ್ಲೇ ನಿನ್ನ ಹಿಂದೆ ಬತ್ತೀನಿ."

ಸುಮನಾ ಬಾಯಿ ತೆರೆದಳು. ಈ ಮನೆ ಎದ್ದು ನಿಲ್ಲಲು ಅವರೆಲ್ಲ ಎಷ್ಟು ಸುಳ್ಳು ಹೇಳಿದ್ದರು! ಪಂಚಾಯ್ತಿಗೆ ಹೇಳಿದ್ದರು, ಊರಿಗೆ ಹೇಳಿದ್ದರು, ಅಯ್ಯನವರ ಮುಂದೆ ಬಾಯಿ ಮುಚ್ಚಿದ್ದರು. ಇನ್ನೊಂದು ಹೇಳಿದರೆ ಅತ್ತೆ ಬರುತ್ತಾರೆ, ಹೊಗೆ ನಿಲ್ಲುತ್ತದೆ, ಡೈರಿಯಲ್ಲಿ ಯಲ್ಲಮ್ಮನ ಬಾಯಿ ಮುಚ್ಚುತ್ತದೆ. ಅಷ್ಟು ಸಣ್ಣ ಮಾತು. ಅವಳು ಅತ್ತೆಯ ಮುಖ ನೋಡಿದಳು. ತೆರೆದ ಬಾಯಿ ಮುಚ್ಚಿದಳು.

ಪ್ರೇಮಮ್ಮ ಕಾದರು. ಆಮೇಲೆ, "ಹಿಟ್ಟು ಕಲಸಿಟ್ಟಿದ್ದೀನಿ, ಒಣಗ್ತದೆ," ಎಂದು ಒಳಗೆ ಹೋದರು.

"ಅಕ್ಕಾ, ಏನ್ ಮಾಡ್ಲಿ ಇದನ್ನ? ಇಳಿಸ್ಲಾ?" ಗಾಡಿಯವನು ಕೇಳಿದ. "ನನಗೆ ಇನ್ನೊಂದು ಕಡೆ ಕೆಲ್ಸ ಐತೆ."

"ಬೇಡ. ವಾಪಸ್ ತಗೊಂಡ್ ಹೋಗಪ್ಪ."

"ಅಯ್ಯೋ, ಅವ್ರು ಬಯ್ತಾರೆ ನನ್ನ. ತಾಳಿ, ಕೇಳ್ತೀನಿ." ಅವನು ಫೋನು ಹಚ್ಚಿ, ಎರಡು ಮಾತಾಡುವುದರೊಳಗೆ ಆ ಕಡೆಯ ಕೂಗಿಗೆ ಮುಖ ಸಿಂಡರಿಸಿ, ಫೋನನ್ನು ಅವಳ ಕೈಗೆ ಕೊಟ್ಟ.

"ಏನೇ ಅದು? ಅಡ್ವಾನ್ಸ್ ಕೊಟ್ಟು ಮಾಡ್ಸಿದ ಶಟರು! ಯಾರು ವಾಪಸ್ ಅಂದಿದ್ದು?"

"ನಾನು."

"ತಲೆ ಕೆಟ್ಟಿದ್ಯಾ ನಿಂಗೆ? ಯುಗಾದಿಗೆ ಅಂಗಡಿ ಎಲ್ಲಿಡ್ಲಿ, ನಿನ್ನ ತಲೆ ಮೇಲಾ? ಅವ್ವ ಎಲ್ಲಿ? ಕರ್ಕೊಂಡು ಮನೆಗೆ ನಡಿ. ಊರೋರೆಲ್ಲ ಏನಂತಾರೆ? ನಾವು ಅವ್ವನ್ನ ಆಚೆ ಹಾಕಿದ್ವಿ ಅನ್ನಲ್ವಾ?"

ಗಾಡಿಯವನು ಹಗ್ಗ ಬಿಗಿಯುವುದನ್ನು ಬಿಟ್ಟು ಇವಳನ್ನೇ ನೋಡುತ್ತಿದ್ದ. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಯಲ್ಲಮ್ಮನೂ ಕ್ಯಾನು ಹಿಡಿದು ರಸ್ತೆಯಲ್ಲಿ ನಿಂತಿದ್ದಳು. ಸುಮನಾ ಅವಳನ್ನು ನೋಡಿದಳು. ಆದರೂ ದನಿ ತಗ್ಗಿಸಲಿಲ್ಲ.

"ಅನ್ನಲಿ ರೀ. ಹಾಕಿದ್ವಲ್ಲ."

ಒಳಗೆ ರೊಟ್ಟಿ ತಟ್ಟುವ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು. ಸುಮನಾ ಫೋನನ್ನು ಗಾಡಿಯವನಿಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳದೆ, ಯಲ್ಲಮ್ಮನ ಪಕ್ಕದಿಂದಲೇ ಹಾದು, ಹುಲಿಯಮ್ಮ ಹೋದ ಕಾಲುವೆಯ ದಾರಿಯಲ್ಲಿ ನಡೆದಳು. ಅಲ್ಲಿ ಹೋಗಿ ಏನು ಹೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ.